ಹಿಂದಕ್ಕೆ ಓಡಿದ ಬೆಂಕಿ

ಮಾರ್ಚ್ ೪, ಸೋಮವಾರ

ಈ ಕಾರ್ಖಾನೆಯ ಯಜಮಾನಿ ನಾನು. ವಯಸ್ಸು ಅರವತ್ತೆಂಟು, ಓದಿದ್ದು ಹೈಸ್ಕೂಲಿನವರೆಗೆ. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿ ನಡೆಯುವುದು ನನ್ನ ಮಾತು. ಬ್ರೆಡ್ ಬೇಯಿಸುವ ದೊಡ್ಡ ಒಲೆಗಳಿಗೆ ನಾವು ಗ್ಯಾಸ್ ಬರ್ನರ್ ಮಾಡಿಕೊಡುತ್ತೇವೆ. ನಲವತ್ತಮೂರು ಜನ ಕೆಲಸಗಾರರು. ನಾನು ಕೂರಿ ಎನ್ನದೆ ಅವರಲ್ಲಿ ಒಬ್ಬರೂ ನನ್ನೆದುರು ಕೂತಿಲ್ಲ. ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ ಅದನ್ನು ಕಾಗದಕ್ಕೆ ಇಳಿಸಿಬಿಡುವುದು ಒಳ್ಳೆಯದು. ಇದು ಯಾರಿಗೂ ತೋರಿಸಲಿಕ್ಕಲ್ಲ.

ನಡೆದದ್ದು ಇಷ್ಟು. ನಮ್ಮ ಬರ್ನರಿನಲ್ಲಿ ಗಾಳಿ, ಗ್ಯಾಸ್ ಎರಡೂ ಕೊಳವೆಯೊಳಗೇ ಬೆರೆತು, ಬರ್ನರಿನ ತಲೆಯಲ್ಲಿರುವ ತೂತುಗಳಿಂದ ಹೊರಬಂದು ಉರಿಯುತ್ತವೆ. ಉರಿ ಯಾವಾಗಲೂ ಹೊರಗಿರಬೇಕು. ತೂತಿನೊಳಕ್ಕೆ ನುಗ್ಗಿತೋ, ಕೊಳವೆಯೇ ಸಿಡಿಯುತ್ತದೆ. ಹೋದ ತಿಂಗಳು ಇಪ್ಪತ್ತೊಂದರಂದು ಪರೀಕ್ಷೆಯ ಕೋಣೆಯಲ್ಲಿ ಹಾಗೆಯೇ ಆಯಿತು. ಹೊಸ ಗಿರಾಕಿಯೊಬ್ಬ ತನ್ನ ಒಲೆಯ ಉರಿ ಐದನೇ ಒಂದು ಪಾಲಿಗೆ ತಗ್ಗಬೇಕು ಎಂದಿದ್ದ. ಅಷ್ಟು ತಗ್ಗಿಸಿ ನೋಡುತ್ತಿದ್ದಾಗ ಬೆಂಕಿ ಹಿಂದಕ್ಕೆ ಓಡಿತು. ಪರೀಕ್ಷೆ ಮಾಡುತ್ತಿದ್ದವನ ಬಲಗೈ ಮೊಣಕೈವರೆಗೆ ಸುಟ್ಟಿದೆ, ಕೆನ್ನೆಯೂ. ಇಪ್ಪತ್ತಾರು ವರ್ಷದಿಂದ ಇಲ್ಲೇ ದುಡಿಯುತ್ತಿರುವ ಆಳು. ಉರಿಯ ಸದ್ದು ಕೇಳಿಯೇ ಗಾಳಿ ಹೆಚ್ಚೋ ಕಡಿಮೆಯೋ ಹೇಳುತ್ತಾನೆಂದು ಎಲ್ಲರೂ ಅವನನ್ನು ಕಿವಿಮೇಸ್ತ್ರಿ ಎನ್ನುತ್ತಾರೆ.

ಉರಿ ತಗ್ಗಿಸುವಾಗ ಮೊದಲು ಗ್ಯಾಸ್, ಆಮೇಲೆ ಗಾಳಿ. ಇಲ್ಲಿಗೆ ಸೇರಿದ ಮೊದಲ ವಾರದಲ್ಲಿ ಕಲಿಸುವ ಪಾಠ. ಅವನು ಗಾಳಿಯನ್ನು ಮೊದಲು ತಗ್ಗಿಸಿದ್ದಾನೆ. ಬೇರೆ ಕಾರಣವಿರಲು ಸಾಧ್ಯವಿಲ್ಲ. ನಮ್ಮ ಬರ್ನರ್ ಹಾಗೆ ಮಾಡುವಂಥದ್ದಲ್ಲ. ಇದನ್ನು ಅಂಗಳದಲ್ಲಿ ಎಲ್ಲರೆದುರು ಹೇಳಿದೆ. ಸುರಕ್ಷತಾ ಇಲಾಖೆಗೂ ಬರೆದುಕೊಟ್ಟೆ. ಅವನು ಇಲ್ಲ ಎನ್ನುತ್ತಾನೆ. ಸದ್ಯಕ್ಕೆ ಕೆಲಸದಿಂದ ಹೊರಗಿಟ್ಟಿದ್ದೇನೆ. ಏಪ್ರಿಲ್ ಇಪ್ಪತ್ತೆರಡಕ್ಕೆ ಇಲಾಖೆಯ ತೀರ್ಮಾನ. ತಪ್ಪು ಅವನದೆಂದು ಬರೆದರೆ ಅವನ ಪರವಾನಗಿ ರದ್ದಾಗುತ್ತದೆ, ಮತ್ತೆ ಯಾವ ಕಾರ್ಖಾನೆಯವರೂ ಅವನನ್ನು ಬೆಂಕಿಯ ಹತ್ತಿರ ಬಿಡುವುದಿಲ್ಲ. ಅದಕ್ಕೆ ನಾನೇನು ಮಾಡಲಿ.

ಮಾರ್ಚ್ ೬, ಬುಧವಾರ

ಇಲಾಖೆಯವರು ಪುರಾವೆ ಕೇಳಿದ್ದಾರೆ. ಕೋಣೆಯಲ್ಲಿ ಅವನೊಬ್ಬನೇ ಇದ್ದದ್ದು. ನೋಡಿದವರು ಯಾರೂ ಇಲ್ಲ. ಸೊಸೆಯನ್ನು ಕರೆದೆ. ಅವಳು ಸಂಶೋಧನಾಲಯದಲ್ಲಿ ಕಂಪ್ಯೂಟರಿನೊಳಗೆ ಬೆಂಕಿ ಉರಿಸುತ್ತಾಳೆ. ಲೆಕ್ಕದ ಬೆಂಕಿ. ಮನೆಗೆ ಬಂದು ಆರು ವರ್ಷವಾಯಿತು, ಅದೇನು ಕೆಲಸವೆಂದು ನಾನು ವಿಚಾರಿಸಿದವಳಲ್ಲ.

"ಮಾಡ್ತೀನಿ ಅತ್ತೆ. ಆದ್ರೆ ಒಂದು ಮಾತು. ಲೆಕ್ಕ ಏನು ಹೇಳುತ್ತೋ ಅದನ್ನೇ ಬರೆದುಕೊಡ್ತೀನಿ. ಆಮೇಲೆ ತಿದ್ದು ಅಂದ್ರೆ ತಿದ್ದಲ್ಲ."

"ನಾನ್ಯಾಕೆ ತಿದ್ದು ಅನ್ನಲಿ? ನಿಜ ನನ್ನ ಕಡೆ ಇದೆ."

"ಹಾಗಾದ್ರೆ ಬರ್ನರಿನ ನಕ್ಷೆ ಕೊಡಿ. ಪರೀಕ್ಷೆ ಪುಸ್ತಕಗಳೂ ಬೇಕು, ಹಳೇವೂ ಸೇರಿ."

ಮಗ ಬಾಗಿಲಿಗೆ ಒರಗಿ ನಗುತ್ತಿದ್ದ. "ಹಾಲಿಟ್ಟು ಮರೀತಾಳೆ, ದಿನಾ ಉಕ್ಕಿಸ್ತಾಳೆ ಅಂತ ನೀನು ಬೈತಿದ್ದೆ. ಈಗ ಕಾರ್ಖಾನೆ ಬೆಂಕೀನೇ ಇವಳ ಕೈಗೆ ಕೊಡ್ತಿದ್ದೀಯಲ್ಲಮ್ಮ!"

"ಹಾಲು ಇವತ್ತಿಗೂ ನಾನೇ ನೋಡ್ಕೊಳ್ತೀನಿ. ಅದನ್ನ ಕೊಟ್ಟಿಲ್ಲ," ಎಂದೆ.

ಮಾರ್ಚ್ ೧೨, ಮಂಗಳವಾರ

ಮಹಡಿಯ ಮೇಲಿನ ಅವಳ ಕೋಣೆಗೆ ಹೋಗಿದ್ದೆ. ಎಲ್ಲಿಗೆ ಬಂತೆಂದು ನೋಡಲು, ಅಷ್ಟೆ. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಬರ್ನರಿನ ತಲೆ. ಎಂಬತ್ತನಾಲ್ಕು ತೂತುಗಳೂ ಇದ್ದವು, ನಾನು ಎಣಿಸಿದೆ. ಒಳಗಿನ ಜಾಗವನ್ನೆಲ್ಲ ಎರಡು ಕೋಟಿ ಪುಟ್ಟ ಪೆಟ್ಟಿಗೆಗಳಾಗಿ ಕತ್ತರಿಸಿದ್ದಾಳೆ. ಪ್ರತಿ ಪೆಟ್ಟಿಗೆಯಲ್ಲೂ ಗ್ಯಾಸ್ ಎಷ್ಟು, ಬಿಸಿ ಎಷ್ಟು, ಗಾಳಿ ಯಾವ ಕಡೆಗೆ ಎಷ್ಟು ಜೋರಾಗಿ ಹೋಗುತ್ತಿದೆ, ಪಕ್ಕದ ಪೆಟ್ಟಿಗೆಗೆ ಎಷ್ಟು ದಾಟಿತು ಎಂದು ಲೆಕ್ಕ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಮುಂದೆ ಸರಿದು ಮತ್ತೆ ಅದೇ ಲೆಕ್ಕ. ಅರ್ಧ ಸೆಕೆಂಡಿನ ಉರಿಗೆ ಸಂಶೋಧನಾಲಯದ ಯಂತ್ರಗಳು ವಾರವಿಡೀ ಗುದ್ದಾಡಬೇಕಂತೆ, ಅದಕ್ಕೂ ಸರದಿ ಬರಬೇಕಂತೆ.

"ಅರ್ಧ ಸೆಕೆಂಡಿಗೆ ಒಂದು ವಾರವಾ? ಅಷ್ಟರಲ್ಲಿ ನಾನು ನೂರು ಬರ್ನರ್ ಹಚ್ಚಿ ಆರಿಸಿರ್ತೀನಿ."

"ಹಚ್ಚಬಹುದು ಅತ್ತೆ. ಆದ್ರೆ ತೂತಿನೊಳಗೆ ಕಣ್ಣಿಟ್ಟು ನೋಡೋಕಾಗಲ್ಲವಲ್ಲ."

ಎದುರುತ್ತರ ಕಲಿತಿದ್ದಾಳೆ. ಕೂರಲು ಅಲ್ಲಿ ಎರಡನೇ ಕುರ್ಚಿ ಇಲ್ಲ.

ಮಾರ್ಚ್ ೧೯, ಮಂಗಳವಾರ

ಮಧ್ಯಾಹ್ನ ಊಟದ ಕೋಣೆಯಿಂದ ಒಂದು ಕುರ್ಚಿಯನ್ನು ಮೇಲಕ್ಕೆ ತರಿಸಿದೆ. ನಿಂತರೆ ಮಂಡಿ ನೋಯುತ್ತದೆ.

ಇವತ್ತು ಅವಳ ಒಂದು ಗುಟ್ಟು ಹಿಡಿದೆ. ಉರಿಯ ಪದರ ಕೂದಲಿನಷ್ಟು ತೆಳು, ಇವಳ ಪೆಟ್ಟಿಗೆ ಅದಕ್ಕಿಂತ ದೊಡ್ಡದು. ಬಲೆಯ ಕಣ್ಣು ದೊಡ್ಡದಾದರೆ ಮೀನು ಜಾರಿಹೋಗುವ ಹಾಗೆ ಉರಿ ಜಾರಿಹೋಗುತ್ತದೆ. ಅದಕ್ಕೆ ಬೇಕೆಂದೇ ಉರಿಯನ್ನು ದಪ್ಪ ಮಾಡುತ್ತಾಳೆ!

"ಇದು ಮೋಸ ಅಲ್ವೇನೇ? ಇಲ್ಲದ ಉರಿ ತೋರಿಸ್ತಿದ್ದೀಯ."

ಅವಳಿಗೆ ಬೇಸರವಾಗಲಿಲ್ಲ. ಉತ್ಸಾಹವೇ ಬಂತು. ದಪ್ಪ ಮಾಡಿದರೆ ಉರಿಯ ಸಣ್ಣ ಸುಕ್ಕುಗಳು ಮಾಯವಾಗುತ್ತವೆ, ಸುಕ್ಕು ಹೋದಷ್ಟೂ ಉರಿ ನಿಧಾನವಾಗುತ್ತದೆ, ಅದಕ್ಕೆ ಕಳೆದುಹೋದ ಸುಕ್ಕು ಎಷ್ಟಿತ್ತೆಂದು ಅಂದಾಜು ಮಾಡಿ ಆ ವೇಗವನ್ನು ವಾಪಸ್ ಸೇರಿಸುತ್ತೇವೆ ಎಂದು ಏನೇನೋ ಹೇಳಿದಳು. ಸುಕ್ಕಿಗೂ ವೇಗಕ್ಕೂ ಏನು ಸಂಬಂಧ ಎಂದು ಯೋಚಿಸುತ್ತಿದ್ದಾಗ ಎದುರಿನ ಕಿಟಕಿ ಕಣ್ಣಿಗೆ ಬಿತ್ತು. ನೆರಿಗೆ ಹಾಕಿದ ಪರದೆ ಅದೇ ಕಿಟಕಿಗೆ ಎರಡು ಪಟ್ಟು ಬಟ್ಟೆ ನುಂಗುತ್ತದೆ. ಗಾಳಿಯ ಸುಳಿಗಳು ಉರಿಗೆ ನೆರಿಗೆ ಹಾಕುತ್ತವೆ. ನೆರಿಗೆ ಹೆಚ್ಚಿದಷ್ಟೂ ಉರಿಯುವ ಮೈ ಹೆಚ್ಚು, ಅಷ್ಟೂ ಬೇಗ ಗ್ಯಾಸನ್ನು ತಿನ್ನುತ್ತದೆ. ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅತ್ತೆ, ಇದನ್ನ ಅರ್ಥ ಮಾಡಿಸೋಕೆ ನಮ್ಮ ಮೇಷ್ಟ್ರಿಗೆ ಒಂದು ತಿಂಗಳು ಬೇಕಾಯ್ತು."

"ನಿಮ್ಮ ಮೇಷ್ಟ್ರು ಪರದೆ ಹೊಲಿದಿರಲಿಕ್ಕಿಲ್ಲ," ಎಂದೆ.

ಮಾರ್ಚ್ ೨೮, ಗುರುವಾರ

ಗೆದ್ದೆ.

ಎರಡು ಲೆಕ್ಕ ಮಾಡಿದ್ದಾಳೆ. ಗ್ಯಾಸ್ ಮೊದಲು ತಗ್ಗಿಸಿದರೆ ಉರಿ ತೂತಿನ ಬಾಯಲ್ಲೇ ಕುಳಿತಿರುತ್ತದೆ, ಅಲ್ಲಾಡುವುದಿಲ್ಲ. ಗಾಳಿ ಮೊದಲು ತಗ್ಗಿಸಿದರೆ ಹಿಂದಕ್ಕೆ ಓಡುತ್ತದೆ. ಅಂದಮೇಲೆ ಅವನು ಗಾಳಿಯನ್ನೇ ತಗ್ಗಿಸಿದ್ದು. ನಾನು ಮೊದಲ ದಿನ ಹೇಳಿದ್ದನ್ನೇ ಹೇಳಲು ಎರಡು ಕೋಟಿ ಪೆಟ್ಟಿಗೆ ಬೇಕಾದವು. ಬರೆದುಕೊಡು ಎಂದರೆ, ನಾಲ್ಕು ದಿನ ತಡೆಯಿರಿ, ಒಂದು ಸಣ್ಣ ವಿಷಯ ಹೊಂದುತ್ತಿಲ್ಲ ಎಂದಳು. ತಡೆಯಲಿ. ಕಿವಿಮೇಸ್ತ್ರಿಯನ್ನು ತೆಗೆಯುವ ಕಾಗದ ಬರೆಸಿಟ್ಟೆ.

ಏಪ್ರಿಲ್ ೧, ಸೋಮವಾರ

ಅವಳ ಸಣ್ಣ ವಿಷಯ ಇದು. ಪೂರ್ತಿ ಉರಿಯಲ್ಲಿ ಬರ್ನರಿನ ತಲೆಯ ಹಿಂದೆ ಎಷ್ಟು ಒತ್ತಡ ಇರಬೇಕೆಂದು ಅವಳ ಲೆಕ್ಕ ಹೇಳುತ್ತದೆಯೋ, ಪರೀಕ್ಷೆ ಪುಸ್ತಕದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಇದೆ.

"ಅವನು ತಪ್ಪು ಬರೆದಿರ್ತಾನೆ," ಎಂದೆ.

"ನಾಲ್ಕು ವರ್ಷದಿಂದ ಪ್ರತಿ ಸಲವೂ ಅದೇ ತಪ್ಪು ಮಾಡ್ತಾರಾ ಅತ್ತೆ? ಇಲ್ಲಿ ನೋಡಿ." ಹಳೆಯ ಪುಸ್ತಕ ತೆರೆದಳು. ಅವನ ಅಕ್ಷರ ಅಚ್ಚು ಹಾಕಿದಂತಿದೆ. "ನಾಲ್ಕು ವರ್ಷದ ಹಿಂದಿನ ಈ ಅಕ್ಟೋಬರ್ ತನಕ ನನ್ನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತೆ. ಮುಂದಿನ ಪುಟದಿಂದ ಸಟ್ಟನೆ ಇಳಿದಿದೆ. ಅವಾಗ ತಲೆಯಲ್ಲಿ ಏನಾದ್ರೂ ಬದಲಾಯ್ತಾ? ತೂತು ನಕ್ಷೆಯಲ್ಲಿರೋ ಹಾಗೆ ಆರು ಮಿಲಿಮೀಟರೇ ತಾನೆ?"

"ನಕ್ಷೆಯಲ್ಲಿ ಇರೋ ಹಾಗೇ."

"ಒಂದು ತಲೆ ಕಳಿಸಿಕೊಡಿ. ಅಳೆದು ನೋಡಿಬಿಡ್ತೀನಿ."

"ಬಿಡುವಾದಾಗ ಕಳಿಸ್ತೀನಿ."

ಇಲ್ಲಿ ಬರೆಯಲು ಯಾರ ಹೆದರಿಕೆ. ತೂತು ಆರಲ್ಲ, ಏಳು. ನಾಲ್ಕು ವರ್ಷದ ಹಿಂದೆ ಗಿರಾಕಿಗಳು ದೂರು ತಂದಿದ್ದರು: ಪೂರ್ತಿ ಹಚ್ಚಿದರೆ ಉರಿ ತಲೆ ಬಿಟ್ಟು ಮೇಲೆದ್ದು ಹಾರುತ್ತದೆ, ಒಮ್ಮೊಮ್ಮೆ ಆರಿಯೂ ಹೋಗುತ್ತದೆ ಎಂದು. ಅರ್ಧ ದಿನ ಪರೀಕ್ಷೆಯ ಕೋಣೆಯಲ್ಲಿ ನಿಂತು ನೋಡಿ, ತೂತು ಒಂದು ಮಿಲಿಮೀಟರ್ ಹಿಗ್ಗಿಸಿ ಎಂದೆ. ಉರಿ ಮಗುವಿನ ಹಾಗೆ ತೆಪ್ಪಗೆ ಕುಳಿತಿತು. ಎಂಜಿನಿಯರುಗಳಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ವರ್ಷಗಟ್ಟಲೆ ಹೇಳಿಕೊಂಡಿದ್ದೇನೆ. ನಕ್ಷೆ ತಿದ್ದಿಸಲಿಲ್ಲ. ಇಲ್ಲಿ ನನ್ನ ಬಾಯಿಮಾತೇ ನಕ್ಷೆ.

ಒಂದು ಮಿಲಿಮೀಟರಿನಿಂದ ಏನಾಗಿಬಿಡುತ್ತದೆ.

ಏಪ್ರಿಲ್ ೨, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ ೩, ಬುಧವಾರ

ಸೊಸೆ ತಲೆಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಾಲು ಉಕ್ಕಿತು. ನಾನೇ ಇಟ್ಟಿದ್ದೆ.

ಏಪ್ರಿಲ್ ೫, ಶುಕ್ರವಾರ

ಕೊರೆಯುವ ಯಂತ್ರದ ಹತ್ತಿರ ಹೋದೆ. ಅದನ್ನು ನಡೆಸುವವನಿಗೆ ಮೌನಿ ಎಂದೇ ಹೆಸರು; ವರ್ಷಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಸುಮ್ಮನೆ ನಿಂತಿದ್ದೆ. ಅವನು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡ.

"ನೀವು ಏಳು ಅಂದ್ರಿ. ನಾನು ಏಳೇ ಕೊರೆದೆ," ಎಂದ.

"ನಾನು ಏನಾದ್ರೂ ಕೇಳಿದ್ನಾ?"

"ಇಲ್ಲ."

"ಮತ್ತೆ?"

"ಯಾರಾದ್ರೂ ಕೇಳಿದ್ರೆ ಏನು ಹೇಳಲಿ ಅಂತ."

ಅಲ್ಲಿಂದ ಬಂದುಬಿಟ್ಟೆ. ಈ ವರ್ಷದ ನಾಲ್ಕು ಮಾತನ್ನೂ ಇವತ್ತೇ ಮುಗಿಸಿದ.

ಒಂದು ವಿಷಯ ಸಂಜೆಯಿಂದ ನೆನಪಾಗುತ್ತಿದೆ. ತೂತು ಹಿಗ್ಗಿಸಿದ ವಾರವೇ ಕಿವಿಮೇಸ್ತ್ರಿ ನನ್ನ ಕೋಣೆಗೆ ಬಂದಿದ್ದ. "ಅಮ್ಮಾ, ಉರಿ ನೋಡೋಕೆ ಚೆನ್ನಾಗಿದೆ, ಆದ್ರೆ ಸದ್ದು ಸಡಿಲ ಆಗಿದೆ. ನನ್ನ ಕಿವಿಗೆ ಸರಿ ಬರ್ತಿಲ್ಲ," ಎಂದಿದ್ದ. ಗಿರಾಕಿ ಖುಷಿಯಾಗಿದ್ದಾನೆ, ನೀನು ಕಿವಿಗೆ ಹತ್ತಿ ಇಟ್ಕೋ ಎಂದಿದ್ದೆ. ಅಲ್ಲಿದ್ದವರೆಲ್ಲ ನಕ್ಕಿದ್ದರು. ಅವನೂ ನಕ್ಕ. ಆಮೇಲೆ ಆ ಮಾತು ಎತ್ತಲಿಲ್ಲ. ಒತ್ತಡವನ್ನು ಮಾತ್ರ ಪ್ರತಿ ಸಲ ಸರಿಯಾಗಿ ಬರೆಯುತ್ತಾ ಬಂದ.

ಏಪ್ರಿಲ್ ೮, ಸೋಮವಾರ

ಬೆಳಿಗ್ಗೆ ಗೋದಾಮಿನಿಂದ ಒಂದು ತಲೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಸೊಸೆಯ ಮೇಜಿನ ಮೇಲಿಟ್ಟೆ. ಅಳೆಯುವ ವರ್ನಿಯರನ್ನೂ ಪಕ್ಕದಲ್ಲಿಟ್ಟೆ.

ಅವಳು ಒಂದು ತೂತು ಅಳೆದಳು. ಇನ್ನೊಂದು. ಮತ್ತೊಂದು. ತಲೆ ಎತ್ತಲಿಲ್ಲ.

"ಏಳು," ಎಂದಳು.

"ಏಳೇ. ನಾನೇ ಹೇಳಿ ಕೊರೆಸಿದ್ದು. ಅವತ್ತು ನೀನು ಕೇಳಿದಾಗಲೂ ನನಗೆ ಗೊತ್ತಿತ್ತು."

ಏನಾದರೂ ಅಂದುಬಿಡಲಿ ಎಂದು ಕಾದೆ. ನಾನು ಊಟದ ಕೋಣೆಯಿಂದ ತಂದಿಟ್ಟಿದ್ದ ಕುರ್ಚಿಯ ಮೇಲೆ ಅವಳ ಪುಸ್ತಕಗಳಿದ್ದವು. ಅವನ್ನು ಎತ್ತಿ ನೆಲಕ್ಕಿಟ್ಟಳು. ಕುಳಿತೆ.

"ತೂತು ಹಿಗ್ಗಿದ್ರೆ ಅದೇ ಗ್ಯಾಸ್ ನಿಧಾನವಾಗಿ ಹೊರಗೆ ಬರುತ್ತೆ ಅತ್ತೆ. ಗೋಡೆಯ ಪಕ್ಕದಲ್ಲಂತೂ ಇನ್ನೂ ನಿಧಾನ. ಜೋರಾಗಿ ಹರಿಯುವಾಗ ತೊಂದರೆ ಕಾಣಲ್ಲ. ಐದನೇ ಒಂದು ಪಾಲಿಗೆ ಇಳಿಸಿದಾಗ ಏನಾಗುತ್ತೋ ಲೆಕ್ಕ ಮಾಡಿಯೇ ನೋಡಬೇಕು."

"ಮಾಡು. ನೀನು ಯಂತ್ರದ ಸರದಿಗೆ ಕಾಯಬೇಕಾದ್ರೆ ಸಂಶೋಧನಾಲಯದವರ ಹತ್ತಿರ ನಾನೇ ಮಾತಾಡ್ತೀನಿ."

"ಬೇಡಿ ಅತ್ತೆ," ಎಂದಳು ಗಾಬರಿಯಿಂದ. "ಅವರು ನಮ್ಮ ಕೆಲಸಗಾರರಲ್ಲ."

ಏಪ್ರಿಲ್ ೧೬, ಮಂಗಳವಾರ

ನಮ್ಮ ಲೆಕ್ಕ ಬಂತು.

ಒಂದೇ ಸಲದ ಮೇಲೆ ನಂಬಿಕೆ ಇಡಬೇಡ ಎಂದು ನಾನೇ ಹೇಳಿದ್ದೆ. ಗಾಳಿಯ ಸುಳಿಗಳು ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲವಲ್ಲ. ಅದಕ್ಕೆ ಮೂರು ಬೇರೆ ಬೇರೆ ಸುಳಿಗಳಿಂದ ಶುರು ಮಾಡಿದೆವು. ಮೂರರಲ್ಲೂ ಗ್ಯಾಸೇ ಮೊದಲು, ಗಾಳಿ ಆಮೇಲೆ, ಪಾಠದಲ್ಲಿದ್ದ ಹಾಗೆ.

ಪರದೆಯ ಮೇಲೆ ತುಂಬ ನಿಧಾನವಾಗಿ ತೋರಿಸಿದಳು. ಉರಿ ನೆರಿಗೆ ನೆರಿಗೆಯಾಗಿ ತೂತಿನ ಬಾಯಲ್ಲಿ ತೂಗಾಡುತ್ತಿತ್ತು. ಒಂದು ನೆರಿಗೆ ಅಂಚಿಗೆ ಬಾಗಿ ಗೋಡೆಗೆ ತಾಗಿತು. ಅಲ್ಲಿ ಗಾಳಿಗೆ ಅದನ್ನು ಹೊರದಬ್ಬುವ ಶಕ್ತಿ ಇಲ್ಲ. ನಾಲಿಗೆಯಂತೆ ಗೋಡೆ ಹಿಡಿದು ಒಳಗೆ ಇಳಿಯಿತು, ಇನ್ನಷ್ಟು ಇಳಿಯಿತು. ಎಂಬತ್ತನಾಲ್ಕರಲ್ಲಿ ಒಂದೇ ತೂತು. ಅಷ್ಟು ಸಾಕಾಯಿತು, ಕೊಳವೆಯೆಲ್ಲ ಬೆಳಗಿತು. ಮೂರು ಸಲವೂ ಹಾಗೆಯೇ. ತೂತು ಮಾತ್ರ ಬೇರೆ ಬೇರೆ.

ಎರಡನೇ ಸಲ ನೋಡುವಾಗ ನಿಲ್ಲಿಸು ಎಂದೆ. ಆ ಕೋಣೆಯಲ್ಲಿ ನಿಂತವರ ಕೈ ಎಲ್ಲಿರುತ್ತದೆಂದು ನನಗೆ ಗೊತ್ತು.

ಸೊಸೆ ಮೆಲ್ಲಗೆ ಹೇಳಿದಳು: "ಒಂದು ವಿಷಯ ಅತ್ತೆ. ಅವರು ಗಾಳೀನ ಮೊದಲು ತಗ್ಗಿಸಲಿಲ್ಲ ಅಂತ ಲೆಕ್ಕ ಹೇಳಲ್ಲ. ಸರಿಯಾಗಿ ಮಾಡಿದ್ರೂ ಬೆಂಕಿ ಓಡ್ತಿತ್ತು ಅಂತ ಮಾತ್ರ ಹೇಳುತ್ತೆ."

"ತಗ್ಗಿಸಲಿಲ್ಲ ಅಂತ ಅವರೇ ಹೇಳಿದ್ದಾರಲ್ಲ. ಸಾಕು," ಎಂದೆ.

ಏಪ್ರಿಲ್ ೧೭, ಬುಧವಾರ

ಕಿವಿಮೇಸ್ತ್ರಿಯವರ ಮನೆಗೆ ಹೋಗಿದ್ದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ಅವರು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬಲಗೈಯ ಚರ್ಮ ಇನ್ನೂ ಬಿಗಿದುಕೊಂಡಿದೆ. ಬೆರಳು ಪೂರ್ತಿ ಮಡಚುವುದಿಲ್ಲ.

ನಿಂತೇ ಹೇಳಿದೆ. ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ. "ತಪ್ಪು ನಿಮ್ಮದಲ್ಲ. ತೂತು ಹಿಗ್ಗಿಸಿದ್ದು ನಾನು. ನೀವು ಹೇಗೆ ಮಾಡಿದ್ರೂ ಅದು ಹಿಂದಕ್ಕೆ ಓಡ್ತಿತ್ತು."

ಅವರು ಕೊನೆಯ ಗುಂಡಿ ಹಾಕಿ ಮುಗಿಸಿದರು. ಆಮೇಲೆ ಕೇಳಿದ್ದು ಇದು: "ಅಮ್ಮಾ, ಒಳಗೆ ನುಗ್ಗೋ ಮುಂಚೆ ಒಂದು ಗಳಿಗೆ ಸದ್ದು ದಪ್ಪ ಆಯ್ತು. ಗುಂಯ್ ಅಂತ. ಕೈ ತೆಗೀಬೇಕು ಅನ್ನೋಷ್ಟರಲ್ಲಿ... ಅದು ಲೆಕ್ಕದಲ್ಲಿ ಬಂತಾ?"

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ.

ಅವರ ಹೆಂಡತಿ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿದ್ದರು. "ನೀವು ಅದನ್ನ ಇಲ್ಲಿ ಬಂದು ಹೇಳಿದ್ರೆ ಯಾರಿಗೆ ಕೇಳಿಸ್ತು? ನಮಗೆ ಮೊದಲೇ ಗೊತ್ತಿತ್ತು. ಎರಡು ತಿಂಗಳಿಂದ ಅಂಗಡಿಗೆ ಹೋದ್ರೂ ಜನ ಇವರ ಕೈ ನೋಡಿ, ಪಾಪ, ಅವಸರದ ಮನುಷ್ಯ ಅಂತಾರೆ. ಇಪ್ಪತ್ತಾರು ವರ್ಷ ಕೆಲಸ ಮಾಡಿದವರಿಗೆ ಮೊದಲ ವಾರದ ಪಾಠ ಗೊತ್ತಿಲ್ಲ ಅಂದ್ರಲ್ಲ ನೀವು! ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ."

"ಸುಮ್ನಿರೇ," ಎಂದರು ಅವರು.

"ಯಾಕೆ ಸುಮ್ನಿರಬೇಕು? ಇವರು ಸುಮ್ನಿದ್ರಾ?"

ಹೀಗೆ ನನ್ನೆದುರು ಮಾತಾಡಿದವರು ಯಾರೂ ಇಲ್ಲ. ಮೆಟ್ಟಿಲು ಇಳಿಯುವಾಗ ಎಲ್ಲೆಲ್ಲಿ ಹೇಳಿದ್ದೆನೆಂದು ಎಣಿಸಿದೆ: ಅಂಗಳ, ಇಲಾಖೆ.

ಏಪ್ರಿಲ್ ೧೮, ಗುರುವಾರ

ಬೆಳಿಗ್ಗೆ ಮಗನೊಂದಿಗೆ ಜಗಳ. ಏಳರ ತಲೆ ಹಾಕಿದ ಒಲೆಗಳು ಹೊರಗೆ ತೊಂಬತ್ತೊಂದಿವೆ. ಇಂದಲ್ಲ ನಾಳೆ ಆ ಗಿರಾಕಿಗಳಲ್ಲಿ ಯಾರಾದರೂ ಉರಿಯನ್ನು ತೀರ ತಗ್ಗಿಸಿಯೇ ತಗ್ಗಿಸುತ್ತಾರೆ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಹೊಸ ತಲೆ ನಾವೇ ತಂದು ಹಾಕಿಕೊಡುತ್ತೇವೆ ಎಂದು ಎಲ್ಲರಿಗೂ ಕಾಗದ ಕಳಿಸು ಎಂದೆ.

"ಸದ್ದಿಲ್ಲದೆ ಬದಲಾಯಿಸೋಣ ಅಮ್ಮ. ದುರಸ್ತಿ ಅಂತ ಹೇಳೋಣ. ಹೀಗೆ ಬರೆದುಕೊಟ್ರೆ ನಮ್ಮ ಹೆಸರು ಏನಾಗುತ್ತೆ?"

"ಹೆಸರು ಅಂದ್ರೆ ಯಾವುದೋ? ನಾನು ತಪ್ಪೇ ಮಾಡಲ್ಲ ಅನ್ನೋದಾ?"

"ಊರೆಲ್ಲ ಅದನ್ನೇ ನಂಬಿದೆ."

"ನಾನೂ ನಂಬಿದ್ದೆ. ಕಾಗದ ಕಳಿಸು."

ಊಟದ ಬಿಡುವಿನಲ್ಲಿ ಎಲ್ಲರನ್ನೂ ಅಂಗಳಕ್ಕೆ ಕರೆಸಿದೆ. ಅವತ್ತು ನಿಂತ ಜಾಗದಲ್ಲೇ ನಿಂತು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮೌನಿ ಮಾತ್ರ ನನ್ನನ್ನು ನೇರವಾಗಿ ನೋಡುತ್ತಿದ್ದ. ಇನ್ನು ಮುಂದೆ ನಕ್ಷೆಯಲ್ಲಿ ಬರೆಯದ ಯಾವ ಬದಲಾವಣೆಯನ್ನೂ, ನಾನೇ ಹೇಳಿದರೂ, ಮಾಡಕೂಡದು ಎಂದೆ. ಅವನಿಗೆ ತಡೆಯಲಾಗಲಿಲ್ಲ.

"ನೀವು ಬಯ್ದ್ರೆ?" ಎಂದ.

"ಬೈತೀನಿ. ಆದ್ರೂ ಮಾಡಬೇಡ."

ಕೆಲವರು ನಕ್ಕರು. ನಗಲಿ.

ಕಿವಿಮೇಸ್ತ್ರಿಯವರನ್ನು ತೆಗೆಯಲು ಬರೆಸಿಟ್ಟಿದ್ದ ಕಾಗದ ಹರಿದೆ. ಸಂಬಳ ನಿಂತ ದಿನದಿಂದ ಸೇರಿಸಿ ಕೊಡಲು ಹೇಳಿದೆ. ಬರುವುದು ಬಿಡುವುದು ಅವರ ಇಷ್ಟ. ಸದ್ದಿನ ವಿಷಯ ಸೊಸೆಯನ್ನು ಕೇಳಿದೆ. ಅದನ್ನು ಅವಳು ನೋಡಿಯೇ ಇರಲಿಲ್ಲವಂತೆ. ಸದ್ದೆಂದರೆ ಒತ್ತಡದ ಏರಿಳಿತವೇ ಅಂತೆ, ಅದನ್ನು ಲೆಕ್ಕದಿಂದ ತೆಗೆದು ಹುಡುಕುತ್ತಿದ್ದಾಳೆ. ಅವರನ್ನೇ ಕಂಡು ಕೇಳಬೇಕು, ಒಂದು ದಿನ ಕರೆದುಕೊಂಡು ಹೋಗಿ ಎಂದಳು. ಆ ಮೆಟ್ಟಿಲು ನೀನೇ ಹತ್ತು ಎಂದೆ.

ಏಪ್ರಿಲ್ ೧೯, ಶುಕ್ರವಾರ

ಹತ್ತು ಗಂಟೆಗೆ ಸುರಕ್ಷತಾ ಇಲಾಖೆಗೆ ಹೋದೆ. ಹೇಳಿಕೆಯನ್ನು ನನ್ನ ಕೈಯಲ್ಲೇ ಬರೆದಿದ್ದೆ, ಒಂದೂವರೆ ಪುಟ. ಸೊಸೆಯ ಲೆಕ್ಕವನ್ನೂ, ಮೌನಿ ಸಹಿ ಹಾಕಿದ ಅಳತೆಯನ್ನೂ ಜೊತೆಗಿಟ್ಟೆ.

ಗುಮಾಸ್ತ ಓದಿ ಕನ್ನಡಕ ತೆಗೆದ. "ಅಮ್ಮಾ, ಹೇಳಿಕೆ ಬದಲಾಯಿಸೋಕೆ ಜನ ಬರ್ತಾರೆ. ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ಳೋಕೆ ಬಂದವರನ್ನ ನಾನು ನೋಡಿಲ್ಲ. ಇದನ್ನ ತಗೊಂಡ್ರೆ ವಿಚಾರಣೆ ನಿಮ್ಮ ಮೇಲೆ ತಿರುಗುತ್ತೆ. ಮನೆಗೆ ಹೋಗಿ, ಸೋಮವಾರದ ತನಕ ಯೋಚನೆ ಮಾಡಿ."

"ಯೋಚನೆ ಮುಗಿದಿದೆ. ಮುದ್ರೆ ಹಾಕಿ."

"ವಕೀಲರನ್ನಾದ್ರೂ ಕೇಳಿದ್ದೀರಾ?"

"ಅವತ್ತು ಅವರ ಮೇಲೆ ಬರೆದುಕೊಟ್ಟಾಗ ಯಾವ ವಕೀಲರನ್ನೂ ಕೇಳಿರಲಿಲ್ಲ."

ಮುದ್ರೆ ಹಾಕಿದ. ಹಳೆಯ ಹೇಳಿಕೆಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನನ್ನ ಸಹಿ ಕೇಳಿದ. ಎರಡು ಕಡೆ ಹಾಕಿದೆ. ಒಂದು ಪ್ರತಿ ಕೇಳಿ ಪಡೆದೆ.

ಅಲ್ಲಿಂದ ನೇರವಾಗಿ ಕಿವಿಮೇಸ್ತ್ರಿಯವರ ಎರಡನೇ ಮಹಡಿಯ ಮನೆಗೆ ಹೋದೆ. ಅವರು ಆಸ್ಪತ್ರೆಗೆ ಹೋಗಿದ್ದರು. ಹೆಂಡತಿ ಬಾಗಿಲು ಅರ್ಧ ತೆರೆದು ನಿಂತರು. ಪ್ರತಿಯನ್ನು ಅವರ ಕೈಗೇ ಕೊಟ್ಟೆ. ಮೊದಲಿನಿಂದ ಕೊನೆವರೆಗೆ ಓದಿದರು. ನನ್ನ ಸಹಿಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಒಳಗೆ ಬನ್ನಿ ಎನ್ನಲಿಲ್ಲ. ಅನ್ನಲೆಂದು ನಾನೂ ನಿಲ್ಲಲಿಲ್ಲ. ಕೊಟ್ಟು ಬಂದೆ.